ಏನೂ ಕಾಣಲಿಲ್ಲ

ಮಾರ್ಚ್ ೪, ಮಂಗಳವಾರ

ಈ ವರ್ಷದ ಡೈರಿಯ ಗೆರೆಗಳನ್ನು ಯಾವ ಪುಣ್ಯಾತ್ಮ ಅಚ್ಚು ಹಾಕಿಸಿದನೋ, ಇದ್ದೂ ಇಲ್ಲದಂತಿವೆ. ಎರಡು ತಿಂಗಳು ಇದನ್ನು ಮುಟ್ಟಿರಲಿಲ್ಲ. ಇವತ್ತು ಮುಟ್ಟಬೇಕಾಯಿತು. ಕೆಲಸದ ರಿಜಿಸ್ಟರಿನಲ್ಲಿ ಸಿಟ್ಟು ಬರೆಯುವುದಕ್ಕೆ ಕಾಲಂ ಇಲ್ಲ.

ಹೊಸ ಟೋಪಿ ಬಂದಿದೆ. ಉಪಗ್ರಹದ ಕ್ಯಾಮೆರಾದ ಮೂತಿಗೆ ಹಾಕುವ ಮೊಳದುದ್ದದ ಕೊಳವೆಗೆ ನಮ್ಮಲ್ಲಿ ಟೋಪಿ ಎಂದೇ ಹೆಸರು. ಆ ಕ್ಯಾಮೆರಾ ಮಿಣುಕು ನಕ್ಷತ್ರಗಳನ್ನು ನೋಡಿ, ಉಪಗ್ರಹ ಯಾವ ಕಡೆ ಮುಖ ಮಾಡಿದೆ ಎಂದು ಹೇಳಬೇಕು. ಪಕ್ಕದಲ್ಲೇ ಸೂರ್ಯ ಉರಿಯುತ್ತಿರುತ್ತಾನೆ. ಅವನ ಬೆಳಕು ಒಂದಿಷ್ಟು ಓರೆಯಾಗಿ ನುಸುಳಿದರೂ ನಕ್ಷತ್ರ ಮಾಯ, ಉಪಗ್ರಹ ದಿಕ್ಕು ತಪ್ಪಿದ ಹಸು. ಹಾಗೆ ನುಸುಳುವುದಕ್ಕೆ ನಾವು ಅಡ್ಡಬೆಳಕು ಎನ್ನುತ್ತೇವೆ. ಅದನ್ನು ತಡೆಯಲು ಟೋಪಿಯೊಳಗೆ ಏಳು ಬಳೆಗಳು, ಒಂದರ ಹಿಂದೆ ಒಂದು, ಅಂಚು ಬ್ಲೇಡಿನಷ್ಟು ತೆಳ್ಳಗೆ. ಅವುಗಳ ಮೇಲೆಲ್ಲ ಕಪ್ಪು ಬಣ್ಣ. ಬಣ್ಣ ಬಳಿಯುವವನು ಮಸಿ, ಅದು ನಾವಿಟ್ಟ ಹೆಸರು. ಬಳಿದದ್ದನ್ನು ಪರೀಕ್ಷಿಸುವವನು ನಾನು. ಕ್ಯಾಮೆರಾಗಳಿಗೆ ಟೋಪಿ ಹಾಕುವುದು ನಮ್ಮ ಕಸುಬು. ಜನರಿಗೆ ಹಾಕುವವರು ಬೇರೆ ಕಡೆ ಇದ್ದಾರೆ.

ಪರೀಕ್ಷೆಯ ಕ್ರಮ ಇಷ್ಟೆ. ಕತ್ತಲೆ ಕೋಣೆಯಲ್ಲಿ ಇಪ್ಪತ್ತು ನಿಮಿಷ ಸುಮ್ಮನೆ ಕೂತು ಕಣ್ಣನ್ನು ಪಳಗಿಸಬೇಕು. ಟೋಪಿಯ ಎದುರಿಗೆ ಚುಕ್ಕಿಯಂಥ ಪುಟ್ಟ ದೀಪ, ಅದು ನಕ್ಷತ್ರ. ಪಕ್ಕದಲ್ಲಿ ದೊಡ್ಡ ದೀಪ, ಅದು ಸೂರ್ಯ. ಕ್ಯಾಮೆರಾ ಕೂರಬೇಕಾದ ಜಾಗದಲ್ಲಿ ನಾನು ಕಣ್ಣಿಟ್ಟು ನೋಡುತ್ತೇನೆ. ನಕ್ಷತ್ರದ ಸುತ್ತ ಬರೀ ಕಪ್ಪು ಕಾಣಬೇಕು. ಇಪ್ಪತ್ತೆರಡು ವರ್ಷದಿಂದ ಮಸಿ ಬಾಗಿಲ ಹೊರಗೆ ನಿಂತು "ಕಂಡ್ತಾ?" ಎನ್ನುತ್ತಾನೆ, ನಾನು ಒಳಗಿನಿಂದ "ಏನೂ ಕಾಣ್ಲಿಲ್ಲ" ಎನ್ನುತ್ತೇನೆ. ನಮ್ಮಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ಪಾಸಾದ ಟೋಪಿಯ ಮುಂದೆ ರಿಜಿಸ್ಟರಿನಲ್ಲೂ ಅದನ್ನೇ ಬರೆಯುವುದು.

ಇವತ್ತು ಕಂಡಿತು. ನಕ್ಷತ್ರದ ಸುತ್ತ ಹಾಲು ಚೆಲ್ಲಿದ ಹಾಗೆ ಮಬ್ಬು. ಮೂರನೇ ಬಳೆಯ ಹತ್ತಿರ ಇನ್ನೂ ಹೆಚ್ಚು.

"ಕಂಡ್ತು," ಎಂದೆ.

ಹೊರಗಿನಿಂದ ಮಸಿ, "ಸುಮ್ನೆ ತಮಾಷೆ ಮಾಡ್ಬೇಡ ಕಣೋ," ಎಂದ.

ನಾನು ಬಣ್ಣದ ವಿಷಯದಲ್ಲಿ ತಮಾಷೆ ಮಾಡುವವನಲ್ಲ. ರಿಜಿಸ್ಟರಿನಲ್ಲಿ ಕೆಂಪು ಶಾಯಿಯಲ್ಲಿ ಬರೆದೆ. ಬಣ್ಣ ಕೆರೆದು ಮತ್ತೆ ಬಳಿಯಬೇಕು. ವಯಸ್ಸಾಯಿತು, ಕೈ ಸೋಮಾರಿಯಾಗಿದೆ ಅವನಿಗೆ.

ಮಾರ್ಚ್ ೬, ಗುರುವಾರ

ನನ್ನ ಹೆಂಡತಿ ಮನೆಯಲ್ಲೇ ಹೊಲಿಗೆ ಮಾಡುತ್ತಾಳೆ. ಮದುವೆಯಾದಾಗಿನಿಂದ ಸೂಜಿಗೆ ದಾರ ಪೋಣಿಸಿ ಕೊಡುವುದು ನನ್ನ ಕೆಲಸ. "ಊರಿಗೆಲ್ಲ ಕಣ್ಣು ಬಾಡಿಗೆಗೆ ಕೊಡ್ತೀರಿ, ನನಗೂ ಸ್ವಲ್ಪ ಕೊಡಿ," ಎನ್ನುತ್ತಿದ್ದಳು. ಇವತ್ತು ಐದು ಸಲ ಪ್ರಯತ್ನಿಸಿದರೂ ದಾರ ತೂತಿಗೆ ಹೋಗಲಿಲ್ಲ. ಈಗಿನ ದಾರದಲ್ಲಿ ಹುರಿಯೇ ಇಲ್ಲ, ತುದಿಯೆಲ್ಲ ಬಿಚ್ಚಿಕೊಳ್ಳುತ್ತದೆ. ಅವಳು ಸೂಜಿ ಇಸಿದುಕೊಂಡು ತಾನೇ ಪೋಣಿಸಿದಳು.

"ಒಂದ್ಸಲ ಕಣ್ಣು ತೋರಿಸ್ಕೊಂಡು ಬರೋಣ ಬನ್ರೀ."

"ನನ್ನ ಕಣ್ಣನ್ನ ನಾನು ಯಾರಿಗೆ ತೋರಿಸ್ಲಿ? ಅದು ಬೇರೆಯವರದ್ದನ್ನ ನೋಡೋ ಕಣ್ಣು," ಎಂದೆ. ಹೊಲಿಗೆ ಯಂತ್ರವನ್ನು ಅವಳು ಕಿಟಕಿಗೆ ಬೆನ್ನಾಗಿ ಇಟ್ಟುಕೊಂಡಿದ್ದಾಳೆ. ಹಾಗೆ ಕೂತಾಗ ಮುಖ ಯಾರಿಗೂ ಕಾಣುವುದಿಲ್ಲ, ಆದ್ದರಿಂದ ನಕ್ಕಳೋ ಇಲ್ಲವೋ ತಿಳಿಯಲಿಲ್ಲ.

ಮಾರ್ಚ್ ೧೪, ಶುಕ್ರವಾರ

ಮಸಿ ಕೆರೆದು, ತೊಳೆದು, ಒಣಗಿಸಿ, ಮತ್ತೆ ಬಳಿದು ತಂದ. ಮತ್ತೆ ಅದೇ ಮಬ್ಬು.

"ಕಂಡ್ತಾ?"

"ಕಂಡ್ತು."

ಬಾಗಿಲು ತೆರೆದುಕೊಂಡು ಒಳಗೇ ಬಂದುಬಿಟ್ಟ. ಇಪ್ಪತ್ತು ನಿಮಿಷ ಪಳಗಿಸಿದ ನನ್ನ ಕಣ್ಣು ಹಾಳು.

"ಒಂದ್ಸಲ ಸೂರ್ಯನ್ನ ಆರಿಸಿ ನೋಡೋ," ಎಂದ.

ಸೂರ್ಯನನ್ನು ಆರಿಸಿದರೆ ಅಡ್ಡಬೆಳಕಿಗೆ ಮೂಲವೇ ಇಲ್ಲ. ಆಗಲೂ ಮಬ್ಬು ಉಳಿದರೆ ತಪ್ಪು ಟೋಪಿಯದಲ್ಲ. ಹೊಸದಾಗಿ ಸೇರಿದವರಿಗೆ ಮೊದಲ ದಿನ ಕಲಿಸುವ ಪಾಠ ಅದು. ಕಲಿಸುವವನು ನಾನು. ನನಗೇ ಹೇಳಿಕೊಡಲು ಬಂದ!

"ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ. ಬಳಿಯೋಕೆ ಬರದಿದ್ರೆ ದೀಪದ ಮೇಲೆ ಯಾಕೆ ಹಾಕ್ತೀಯ?" ಎಂದೆ.

ಕತ್ತಲಲ್ಲಿ ಕಣ್ಣು ಚುರುಕೆಂದು ನನಗೆ ಗೂಬೆ ಎಂದು ಹೆಸರಿಟ್ಟವನೇ ಅವನು. "ಎಲ್ರೂ ಇನ್ನೊಬ್ಬರ ಮೇಲೆ ಗೂಬೆ ಕೂರಿಸ್ತಾರೆ. ನನ್ನ ಮೇಲೆ ಗೂಬೆನೇ ಬಂದು ಕೂತಿದೆ," ಎಂದು ಹೇಳಿ ಹೋದ.

ಮಾತು ಚೆನ್ನಾಗಿತ್ತು. ಬೇರೆ ದಿನವಾಗಿದ್ದರೆ ನಗುತ್ತಿದ್ದೆ.

ಮಾರ್ಚ್ ೧೭, ಸೋಮವಾರ

ಊಟ ಒಬ್ಬನೇ ಮಾಡಿದೆ. ಬೆಂಚು ಉದ್ದ ಇದೆ, ಆರಾಮಾಗಿ ಕೂರಬಹುದು.

ಮಾರ್ಚ್ ೨೧, ಶುಕ್ರವಾರ

ಅಳತೆ ವಿಭಾಗದ ಇಂಜಿನಿಯರ್ ಬಂದಿದ್ದಳು. ಎರಡು ವರ್ಷದ ಹಿಂದೆ ಸೇರಿದವಳು. ಟೈಮೆಷ್ಟು ಎಂದು ಕೇಳಿದರೂ ದಶಾಂಶ ಬಿಂದುವಿನ ಆಚೆ ಆರು ಅಂಕಿ ಹೇಳುವವಳಾದ್ದರಿಂದ ಎಲ್ಲರೂ ದಶಾಂಶ ಎನ್ನುತ್ತಾರೆ. ಕಾಗದ ಮುಂದಿಟ್ಟಳು.

"ಸರ್, ಯಂತ್ರದ ಪ್ರಕಾರ ಟೋಪಿ ಪಾಸು. ಎರಡು ಸಲವೂ. ಮಿತಿಯ ಅರ್ಧದಷ್ಟೂ ಬೆಳಕಿಲ್ಲ."

"ಯಂತ್ರ ನೀವು ತೋರಿಸಿದ ಕಡೆ ಮಾತ್ರ ನೋಡುತ್ತಮ್ಮ. ಕಣ್ಣು ತೋರಿಸದೇ ಇರೋ ಕಡೆನೂ ನೋಡುತ್ತೆ."

ಇದು ಬಡಾಯಿಯಲ್ಲ. ಹನ್ನೊಂದು ವರ್ಷದ ಹಿಂದೆ ಯಂತ್ರ ಪಾಸು ಮಾಡಿದ ಟೋಪಿಯಲ್ಲಿ ಗುಂಡುಸೂಜಿಯ ತಲೆಯಷ್ಟು ಮಿಂಚನ್ನು ನಾನು ಹಿಡಿದಿದ್ದೆ. ಅದು ಹಾಗೇ ಮೇಲೆ ಹೋಗಿದ್ದರೆ ಉಪಗ್ರಹಕ್ಕೆ ಕುರುಡೇ ಗತಿ. ಅಂದಿನಿಂದ ಯಂತ್ರ ಮತ್ತು ನಾನು ಇಬ್ಬರೂ ಒಪ್ಪಿದರೆ ಮಾತ್ರ ಪಾಸು. ನಮ್ಮ ವಿಭಾಗದ ಮುಖ್ಯಸ್ಥೆ ಮೇಡಂ ಇಬ್ಬರ ಮಾತನ್ನೂ ಕೇಳಿ ನನ್ನದನ್ನು ಇಟ್ಟುಕೊಂಡರು. ಎರಡನೇ ಸಲ ಕೆರೆಯಲು ಹೇಳಿದರು.

ದಶಾಂಶ ಹೋಗುವಾಗ, "ಸರ್, ಮೂರನೇ ಸಲ ಆಗಲ್ಲ. ಕೆರೆದು ಕೆರೆದು ಬಳೆ ಅಂಚು ಮೊಂಡಾಗುತ್ತೆ. ಮೊಂಡಾದ್ರೆ ಟೋಪಿ ಗುಜರಿಗೆ," ಎಂದಳು. ನನಗೆ ಗೊತ್ತಿಲ್ಲದ್ದೇ!

ಸಂಜೆ ಮನೆಗೆ ಬರುವಾಗ ಬೀದಿ ದೀಪಗಳ ಸುತ್ತ ಬಳೆ ಬಳೆಯಾಗಿ ಬೆಳಕು. ಹೊಸ ಬಲ್ಬು ಹಾಕಿದ್ದಾರೆ. ಎಂಥ ಕಳಪೆ ಮಾಲು.

ಮಾರ್ಚ್ ೨೮, ಶುಕ್ರವಾರ

ಮಬ್ಬು ಇದೆ. ಇದೆ ಎಂದ ಮೇಲೆ ಇದೆ.

ಮಸಿ ಈ ಸಲ "ಕಂಡ್ತಾ?" ಎಂದು ಕೇಳಲೂ ಇಲ್ಲ. ಬಾಗಿಲು ತೆರೆದಾಗ ಗೋಡೆಗೆ ಒರಗಿ ನಿಂತಿದ್ದ. ನನ್ನ ಕೈಯಲ್ಲಿದ್ದ ಕೆಂಪು ಪೆನ್ನು ನೋಡಿದ.

ಮೇಡಂ ನಿರ್ಧಾರ ಹೇಳಿದರು. ಗುರುವಾರ ಬೆಳಿಗ್ಗೆ ಹೊರಗಿನ ವರ್ಕ್‌ಶಾಪಿನ ಲಾರಿ ಬರುತ್ತದೆ. ಟೋಪಿಯನ್ನು ಅವರು ಕೊಂಡೊಯ್ದು ಕೆರೆದು ಬಳಿಯುತ್ತಾರೆ. ಉಳಿದರೆ ಉಳಿಯಿತು, ಇಲ್ಲದಿದ್ದರೆ ಹೊಸದು ಮಾಡಬೇಕು, ಆರು ತಿಂಗಳು. ಮಸಿಗೆ ಸೋಮವಾರದಿಂದ ಉಗ್ರಾಣದಲ್ಲಿ ಕೆಲಸ, ಕಬ್ಬಿಣದ ಬೀರುಗಳಿಗೆ ಬಣ್ಣ.

ಅವನು ಕೈ ಒರೆಸಿಕೊಳ್ಳುತ್ತ, "ಇಷ್ಟು ವರ್ಷ ಮಸಿ ಬಳಿಯೋದು ನನ್ನ ಕೆಲಸ ಆಗಿತ್ತು. ಈಗ ನೀನೇ ನನ್ನ ಮುಖಕ್ಕೆ ಬಳಿದೆ," ಎಂದ. ಕೂಗಲಿಲ್ಲ, ಮೆಲ್ಲಗೆ ಹೇಳಿದ.

ನಾನು ಏನು ಮಾಡಲಿ? ಕಂಡದ್ದನ್ನು ಕಂಡಿಲ್ಲ ಎನ್ನಲೇ? ಸ್ನೇಹಕ್ಕೆ ಬಿದ್ದು ಉಪಗ್ರಹವನ್ನು ಕುರುಡು ಮಾಡಲೇ? ಸರಿಯಾದದ್ದನ್ನೇ ಮಾಡಿದ್ದೇನೆ. ಆದರೂ ಸಂಜೆಯ ಕಾಫಿಯನ್ನು ಕುಡಿಯದೆ ಬಚ್ಚಲಿಗೆ ಸುರಿದೆ.

ಮಾರ್ಚ್ ೩೦, ಭಾನುವಾರ

ಹೆಂಡತಿಯ ಅಕ್ಕನ ಮನೆಗೆ ಹೋಗಲೆಂದು ಬಸ್ಸಿಗೆ ಕಾದೆವು. ಬೆಳಗಿನ ಬಿಸಿಲು ನೇರ ಎದುರಿಗೆ. ಬಸ್ಸು ಬಂತು. ಹಣೆಯ ಮೇಲಿನ ನಂಬರು ಓದಲು ಆಗಲಿಲ್ಲ, ಬಸ್ಸೇ ಬಿಳಿ ಮೋಡದೊಳಗೆ ಮುಳುಗಿದ ಹಾಗೆ.

"ನಮ್ದೇ, ಏಳನೇ ನಂಬರು," ಎಂದಳು ಅವಳು.

"ಎಲ್ಲಿ ಕಾಣ್ತಿದೆ ನಿಂಗೆ? ಊಹೆ ಮಾಡ್ಬೇಡ."

ಅವಳು ತನ್ನ ಅಂಗೈಯನ್ನು ನನ್ನ ಹುಬ್ಬಿನ ಮೇಲೆ ಅಡ್ಡ ಹಿಡಿದಳು, ಸೂರ್ಯ ಮರೆಯಾಗುವ ಹಾಗೆ. ಮೋಡ ಹೋಯಿತು. ಏಳು. ಕಪ್ಪು ಅಂಕಿ, ಹಳದಿ ಹಲಗೆ, ಮೂಲೆಯಲ್ಲಿ ತುಕ್ಕು.

"ನಿಮ್ಮ ಟೋಪಿ ಕೆಲಸನೇ ಅಲ್ವಾ ಇದು?" ಎಂದು ನಕ್ಕಳು.

ಅಕ್ಕನ ಮನೆಯಲ್ಲಿ ಅವರೆಲ್ಲ ಮಾತಾಡುತ್ತಿದ್ದರು. ನಾನು ಯೋಚಿಸುತ್ತಿದ್ದೆ. ಅವಳಿಗೆ ಕೈ ಅಡ್ಡ ಹಿಡಿಯದೆಯೇ ನಂಬರು ಕಂಡಿತಲ್ಲ. ಬಿಸಿಲು ಇಬ್ಬರಿಗೂ ಒಂದೇ ತಾನೆ. ಬಸ್ಸಿಗೆ ಮಸಿಯೇನು ಬಣ್ಣ ಬಳಿದಿರಲಿಲ್ಲ.

ಮಾರ್ಚ್ ೩೧, ಸೋಮವಾರ

ಬೆಳಿಗ್ಗೆ ಎಲ್ಲರಿಗಿಂತ ಮೊದಲೇ ಹೋದೆ. ಇಪ್ಪತ್ತು ನಿಮಿಷ ಕೂತೆ. ನೋಡಿದೆ. ಮಬ್ಬು ಇತ್ತು.

ಸೂರ್ಯನನ್ನು ಆರಿಸಿದೆ.

ಮಬ್ಬು ಇತ್ತು.

ಅಂಗೈಯಿಂದ ಬಲಗಣ್ಣು ಮುಚ್ಚಿ ಎಡಗಣ್ಣಲ್ಲಿ ನೋಡಿದೆ. ನಕ್ಷತ್ರ ಗುಂಡುಸೂಜಿಯ ಮೊನೆಯ ಹಾಗೆ. ಸುತ್ತ ಕಪ್ಪು. ಮಸಿ ಬಳಿದ ಕಪ್ಪು.

ಏಪ್ರಿಲ್ ೧, ಮಂಗಳವಾರ

ಯಾರಿಗೂ ಹೇಳಿಲ್ಲ.

ಹೇಳಲೇಬೇಕೆಂದೇನೂ ಇಲ್ಲ. ಟೋಪಿಯನ್ನು ಚೆನ್ನಾಗಿ ಒರೆಸಿ ಇನ್ನೊಮ್ಮೆ ನೋಡಿದೆ, ಮಬ್ಬು ಹೋಗಿದೆ, ಧೂಳು ಇದ್ದಿರಬೇಕು, ಎಂದು ಬರೆದರೆ ಯಾರೂ ಕೇಳುವವರಿಲ್ಲ. ಲಾರಿ ಬರುವುದಿಲ್ಲ. ಟೋಪಿ ಉಳಿಯುತ್ತದೆ. ಎಡಗಣ್ಣಲ್ಲಿ ನೋಡಿಕೊಂಡು ನಿವೃತ್ತಿಯವರೆಗೆ ಇನ್ನು ನಾಲ್ಕು ವರ್ಷ ತಳ್ಳಬಹುದು. ಕತ್ತಲೆ ಕೋಣೆಯಲ್ಲಿ ಯಾವ ಕಣ್ಣು ತೆರೆದಿದೆ ಎಂದು ಯಾರು ನೋಡುತ್ತಾರೆ?

ಆದರೆ ಮಸಿಯ ಹೆಸರಿನ ಮುಂದೆ ಕೆಂಪು ಶಾಯಿ ಹಾಗೇ ಇರುತ್ತದೆ. ಅವನು ಬೀರುವಿಗೆ ಬಣ್ಣ ಬಳಿಯುತ್ತಲೇ ಇರುತ್ತಾನೆ. ಹೇಳಿದರೆ ಕತ್ತಲೆ ಕೋಣೆಯ ಕುರ್ಚಿ ನನ್ನದಲ್ಲ. ಕಣ್ಣಿಲ್ಲದ ಪರೀಕ್ಷಕನನ್ನು ಇಟ್ಟುಕೊಂಡು ಏನು ಮಾಡುತ್ತಾರೆ? ನನಗೆ ಬೇರೆ ಯಾವ ಕೆಲಸವೂ ಬರುವುದಿಲ್ಲ. ಹೆದರಿಕೆಯಾಗುತ್ತಿದೆ, ಇಲ್ಲಿಯಾದರೂ ಬರೆಯುತ್ತೇನೆ.

ಸಂಜೆ ಹೆಂಡತಿಗೆ ಹೇಳಿದೆ. "ಬಲಗಣ್ಣಲ್ಲಿ ಏನೋ ಇದೆ ಕಣೆ."

"ಪೊರೆ," ಎಂದಳು. ಹೊಲಿಗೆ ನಿಲ್ಲಿಸಲಿಲ್ಲ. "ಡಿಸೆಂಬರ್‌ನಿಂದ ಡಾಕ್ಟರ ಹತ್ರ ಮೂರು ಸಲ ಹೆಸರು ಬರೆಸಿದ್ದೀನಿ, ಮೂರು ಸಲ ಅಳಿಸಿದ್ದೀನಿ. ನೀವು ಬಯ್ಯೋ ಬಲ್ಬು, ದಾರ, ಪೇಪರಿನ ಅಚ್ಚು ಎಲ್ಲಾ ಒಂದೇ ಕಾರ್ಖಾನೇಲಿ ಆಗಲ್ಲರೀ."

"ನೀನು ಹೇಳ್ಬಾರ್ದಿತ್ತಾ?"

ಯಂತ್ರ ನಿಂತಿತು. ಈ ಪ್ರಶ್ನೆಯನ್ನು ಕೇಳಬಾರದಿತ್ತು.

"ಮಸಿಯಣ್ಣನೂ ಹೇಳಿದ್ರಂತಲ್ಲ," ಎಂದಳು. ಅವನ ಹೆಂಡತಿಯ ಬಟ್ಟೆ ಹೊಲಿಯುವವಳು ಇವಳೇ ಎಂಬುದು ನನಗೆ ಮರೆತೇ ಹೋಗಿತ್ತು.

ಏಪ್ರಿಲ್ ೨, ಬುಧವಾರ

ಮೊದಲು ಉಗ್ರಾಣಕ್ಕೆ ಹೋದೆ. ಮಸಿ ನೆಲದ ಮೇಲೆ ಕೂತು ಬೀರುವಿನ ಕೆಳಗಿನ ಅರೆಗೆ ಬೂದು ಬಣ್ಣ ಬಳಿಯುತ್ತಿದ್ದ. ಸದಾ ಕಪ್ಪಾಗಿದ್ದ ಉಗುರುಗಳೂ ಬೂದಾಗಿದ್ದವು.

"ನಿನ್ನ ಬಣ್ಣದಲ್ಲಿ ಏನೂ ಇರ್ಲಿಲ್ಲ ಕಣೋ. ಮಬ್ಬು ಇರೋದು ನನ್ನ ಬಲಗಣ್ಣಲ್ಲಿ."

ಕುಂಚ ನಿಲ್ಲಲಿಲ್ಲ. "ಸೂರ್ಯನ್ನ ಆರಿಸಿದ್ಯಾ?"

"ಆರಿಸ್ದೆ."

"ಯಾವತ್ತು?"

"ಸೋಮವಾರ."

"ನಾನು ಹೇಳಿ ಹದಿನೇಳು ದಿನಕ್ಕೆ." ಅರೆಯ ಕೊನೆಯವರೆಗೂ ಬಳಿದು ಮುಗಿಸಿದ. "ಇವತ್ತು ಬುಧವಾರ. ನಿನ್ನೆ ಎಲ್ಲಿ ಹೋಗಿದ್ದೆ?"

ತಪ್ಪಾಯಿತು ಎಂದೆ. ಬಾಯಿಬಿಟ್ಟು ಹೇಳಿದೆ, ಕಣ್ಣಲ್ಲಿ ನೀರು ಬಂತು. ಅವನು ಕುಂಚವನ್ನು ಡಬ್ಬಿಯಲ್ಲಿಟ್ಟು ಎದ್ದ. "ಅಳ್ಬೇಡ ಮಾರಾಯ, ಇರೋ ಒಂದು ಕಣ್ಣೂ ಮಬ್ಬಾಗುತ್ತೆ. ನಡಿ, ಮೇಡಂ ಹತ್ರ."

ಮೇಡಂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಹಾಗಾದ್ರೆ ಈಗ ಟೋಪಿ ಪಾಸಾ, ಫೇಲಾ? ನೀವು ಹೇಳೋ ಹಾಗಿಲ್ಲ, ಬಳಿದವರು ಹೇಳೋ ಹಾಗಿಲ್ಲ. ಮತ್ತೆ ಯಾರು ಹೇಳ್ತಾರೆ?" ಎಂದರು.

"ದಶಾಂಶ ನೋಡ್ಲಿ. ನಾನು ಹೇಳಿಕೊಡ್ತೀನಿ," ಎಂದೆ.

ಅವಳನ್ನು ನನ್ನ ಕುರ್ಚಿಯಲ್ಲಿ ಕೂರಿಸಿದೆ. ನಾನು ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತೆ. ಕತ್ತಲಲ್ಲಿ ಇಪ್ಪತ್ತು ನಿಮಿಷ ಅವಳಿಗೆ ಎಲ್ಲವನ್ನೂ ಹೇಳಿದೆ: ರೆಪ್ಪೆ ಹೇಗೆ ಮಿಟುಕಿಸಬೇಕು, ಎಲ್ಲಿಂದ ನೋಡಲು ಶುರು ಮಾಡಬೇಕು, ಏನಾದರೂ ಕಂಡರೆ ಮೊದಲು ಸೂರ್ಯನನ್ನು ಆರಿಸಬೇಕು ಎಂಬುದನ್ನು ಎರಡು ಸಲ. ಅವಳು ಬಹಳ ಹೊತ್ತು ನೋಡಿದಳು.

"ಸರ್, ಎಲ್ಲಾ ಕಪ್ಪು. ಆದ್ರೆ ಮೂರನೇ ಬಳೆ ಅಂಚಲ್ಲಿ ಒಂದು ಕಡೆ ಏನೋ ಮಿಂಚ್ತಿದೆ. ತುಂಬಾ ಸಣ್ಣದು." ಆಮೇಲೆ ತಾನೇ ಸೂರ್ಯನನ್ನು ಆರಿಸಿದಳು. "ಈಗ ಇಲ್ಲ." ಮತ್ತೆ ಹಚ್ಚಿದಳು. "ಈಗ ಇದೆ."

ಭೂತಗನ್ನಡಿಯಲ್ಲಿ ನೋಡಿದರು. ಎರಡನೇ ಸಲ ಕೆರೆದಾಗ ಅಂಚಿನಲ್ಲಿ ಕೂದಲೆಳೆಯಷ್ಟು ಜಾಗ ಚಕ್ಕೆ ಎದ್ದಿತ್ತು, ಅಲ್ಲಿ ಬಣ್ಣ ನಿಂತಿರಲಿಲ್ಲ. ಯಂತ್ರ ಆ ಕಡೆ ನೋಡಿರಲಿಲ್ಲ. ನಾನು ನೋಡಿದ್ದೆ, ನನಗೆ ಕಂಡಿರಲಿಲ್ಲ. ಮೊದಲ ದಿನ ಆ ಟೋಪಿಯಲ್ಲಿ ದೋಷವೇ ಇರಲಿಲ್ಲ. ಇಲ್ಲದ ದೋಷವನ್ನು ಹುಡುಕಿ ಹುಡುಕಿ ನಾನೇ ಒಂದನ್ನು ಮಾಡಿಸಿದೆ.

ಮಸಿ ಬೂದು ಬಣ್ಣ ಹೋಗುವವರೆಗೆ ಮೂರು ಸಲ ಕೈ ತೊಳೆದುಕೊಂಡು ಬಂದ. ಎಲ್ಲಕ್ಕಿಂತ ಸಣ್ಣ ಕುಂಚದಲ್ಲಿ ಉಸಿರು ಬಿಗಿಹಿಡಿದು ಒಂದೇ ಒಂದು ಸಲ ಮುಟ್ಟಿಸಿದ. ಸಂಜೆಯವರೆಗೆ ಒಣಗಲು ಬಿಟ್ಟೆವು. ದಶಾಂಶ ಮತ್ತೆ ಕೂತಳು. ನಾನು ಸ್ಟೂಲಿನ ಮೇಲೆ.

ಹೊರಗಿನಿಂದ ಮಸಿಯ ದನಿ ಬಂತು. "ಕಂಡ್ತಾ?"

ನನ್ನ ಬಾಯಿ ತಾನಾಗಿಯೇ ತೆರೆಯಿತು. ಮುಚ್ಚಿಕೊಂಡೆ.

"ಏನೂ ಕಾಣ್ಲಿಲ್ಲ!" ಎಂದಳು ಅವಳು.

ರಿಜಿಸ್ಟರಿನಲ್ಲಿ ಬರೆದದ್ದನ್ನು ಅಳಿಸುವ ಹಾಗಿಲ್ಲ. ಮಸಿಯ ಹೆಸರಿನ ಮುಂದಿದ್ದ ಮೂರು ಕೆಂಪು ಸಾಲುಗಳ ಕೆಳಗೆ ಅದೇ ಕೆಂಪು ಪೆನ್ನಿನಲ್ಲಿ ಬರೆದು ಸಹಿ ಮಾಡಿದೆ. ದೋಷ: ಇದೆ. ದೋಷವಿರುವ ಜಾಗ: ಪರೀಕ್ಷಕನ ಬಲಗಣ್ಣು.

ಏಪ್ರಿಲ್ ೩, ಗುರುವಾರ

ಲಾರಿ ಬಂದು ಖಾಲಿ ಹೋಯಿತು.

ಮಸಿ ತನ್ನ ಊಟದ ಡಬ್ಬಿ ತಂದು ಬೆಂಚಿನ ಆ ತುದಿಯಲ್ಲಿ ಕೂತ.

ಏಪ್ರಿಲ್ ೨೩, ಬುಧವಾರ

ಸೋಮವಾರ ಆಪರೇಷನ್ ಆಯಿತು. ನಿನ್ನೆ ಪಟ್ಟಿ ಬಿಚ್ಚಿದರು. ಒಂದು ತಿಂಗಳು ಕಣ್ಣಿಗೆ ಹನಿ ಹಾಕಿಕೊಳ್ಳಬೇಕು, ಬಗ್ಗಬಾರದು, ಸಿಟ್ಟು ಮಾಡಿಕೊಳ್ಳಬಾರದು. ಕೊನೆಯದನ್ನು ಡಾಕ್ಟರು ಹೇಳಲಿಲ್ಲ, ಹೆಂಡತಿ ಸೇರಿಸಿದ್ದು. ಕುರ್ಚಿ ದಶಾಂಶಳದೇ. ನಾನು ವಾಪಸ್ಸು ಹೋದ ಮೇಲೆ ಸ್ಟೂಲಿನ ಮೇಲೆ ಕೂತು ಕಲಿಸಬೇಕಂತೆ. ಮೇಡಂ ಹಾಗೆ ಹೇಳಿದಾಗ ನನಗೆ ದುಃಖವಾಗುತ್ತದೆ ಎಂದುಕೊಂಡಿದ್ದೆ. ಸ್ಟೂಲಿಗೊಂದು ದಿಂಬು ಬೇಕು ಎಂದು ಕೇಳಿದೆ.

ಬೆಳಿಗ್ಗೆ ಹೆಂಡತಿ ಕಿಟಕಿಗೆ ಬೆನ್ನಾಗಿ ಹೊಲಿಯಲು ಕೂತಳು. ಹಿಂದೆ ಅಷ್ಟೊಂದು ಬಿಸಿಲಿದ್ದರೂ ಅವಳ ಮುಖ ಕಂಡಿತು. ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿದೆ. ತುಟಿಯಲ್ಲಿ ಎರಡು ಗುಂಡುಸೂಜಿ ಕಚ್ಚಿಕೊಂಡು ನನ್ನನ್ನೇ ನೋಡುತ್ತಿದ್ದಳು. ಎಷ್ಟು ದಿನದಿಂದ ಹೀಗೆ ನೋಡುತ್ತಿದ್ದಳೋ. "ಸೂಜಿ ಕೊಡು ಇಲ್ಲಿ," ಎಂದು ಇಸಿದುಕೊಂಡೆ. ದಾರ ಒಂದೇ ಸಲಕ್ಕೆ ಹೋಯಿತು.

ಮಧ್ಯಾಹ್ನ ಮಸಿ ಬಂದ. ಬಾಗಿಲಲ್ಲೇ ನಿಂತು, "ಕಂಡ್ತಾ?" ಎಂದ.

ಕಂಡಿತು. ಕೆನ್ನೆ ಒಳಗೆ ಹೋಗಿದೆ, ಮಾರ್ಚ್‌ನಿಂದ ಸೊರಗಿದ್ದಾನೆ. ಅದು ನನ್ನ ಕೆಲಸ. ಉಗುರು ಮತ್ತೆ ಕಪ್ಪಾಗಿದೆ.

"ಎಲ್ಲಾ ಕಾಣ್ತಿದೆ ಕಣೋ," ಎಂದೆ.

"ಹಾಗಾದ್ರೆ ನಾನು ಫೇಲು," ಎಂದು ಒಳಗೆ ಬಂದು ನನ್ನ ಪಕ್ಕದಲ್ಲಿ ಕೂತ.

ಅವನು ಹೋದ ಮೇಲೆ ಬರೆಯಲೆಂದು ಈ ಡೈರಿ ತೆಗೆದೆ. ಗೆರೆಗಳು ಕಡುನೀಲಿ. ಮೊದಲಿನ ಪುಟಗಳನ್ನು ತಿರುವಿ ನೋಡಿದೆ, ಎಲ್ಲ ಪುಟದಲ್ಲೂ ಅಷ್ಟೇ ಕಡುನೀಲಿ. ನಾನು ಬರೆದ ಒಂದು ಸಾಲೂ ಗೆರೆಯ ಮೇಲಿಲ್ಲ.